ಸ್ನಾನದ ತೊಟ್ಟಿಯಲ್ಲಿ ಪೆಟ್ರೋಲ್ ಟ್ಯಾಂಕು

ಕುರಾಹಾಶಿ ತೀರಿಕೊಂಡ. ಭಾನುವಾರ ಮಧ್ಯಾಹ್ನ ಕಾರಿನ ಪಕ್ಕದ ಸೀಟಿನಲ್ಲಿ ನಿದ್ದೆ ಹೋದವನು ಆಸ್ಪತ್ರೆಯ ಹಾಸಿಗೆಗೆ ಬಂದ ಮೇಲೂ ಕಣ್ಣು ತೆರೆಯಲಿಲ್ಲ. ಸೋಮವಾರ ಬೆಳಿಗ್ಗೆ ಅವನ ಮಗಳು ಮಿಫುಯು ಫೋನ್ ಮಾಡಿ, "ಅಪ್ಪ ಹೋದ್ರು" ಎಂದಳು. ವಯಸ್ಸು ಎಪ್ಪತ್ತೊಂದು. ಕೋಬೆ ಊರಿನ ಅರ್ಧ ಹಲ್ಲುಗಳನ್ನು ಕಿತ್ತವನು, ಉಳಿದರ್ಧಕ್ಕೆ ಬೆಳ್ಳಿ ತುಂಬಿದವನು.

ಶವಪೆಟ್ಟಿಗೆ ಮುಚ್ಚುವ ಮೊದಲು ಹತ್ತಿರದವರು ಅದರೊಳಗೆ ಏನಾದರೊಂದು ಇಡುವುದು ವಾಡಿಕೆ. ಮಗಳು ಅವನ ಉಣ್ಣೆಯ ಟೋಪಿ ಇಟ್ಟಳು. ಹೈಸ್ಕೂಲಿನಿಂದ ಅವನ ಜೊತೆಗಿದ್ದ ಮಿನೋಬೆ ಜೇಬಿನಿಂದ ಒಂದು ಹಳೆಯ ಸ್ಪಾರ್ಕ್ ಪ್ಲಗ್ ತೆಗೆದ. ಅಂತ್ಯಕ್ರಿಯೆ ನಡೆಸುವವನು ಬಗ್ಗಿ ಅವನ ಕಿವಿಯಲ್ಲಿ, "ಕ್ಷಮಿಸ್ಬೇಕು, ಲೋಹ ಸುಡೋದಿಲ್ಲ" ಎಂದ. ಮಿನೋಬೆ ಪ್ಲಗ್ಗನ್ನು ವಾಪಸು ಇಟ್ಟುಕೊಂಡು ಇನ್ನೊಂದು ಜೇಬಿಗೆ ಕೈ ಹಾಕಿ, ಒಂದು ಕಾಗದದ ಪೊಟ್ಟಣ ತೆಗೆದು ಗೆಳೆಯನ ಕೈ ಪಕ್ಕ ಇಟ್ಟ. ಅರಿಮಾ ಬಿಸಿನೀರ ಬುಗ್ಗೆಯ ಸ್ನಾನದ ಪುಡಿ.

ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಿನೋಬೆಯ ಹೆಂಡತಿ ಚಿಜುರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಳು, ಭುಜ ಕುಲುಕುತ್ತಿತ್ತು. ಪಾಪ, ಎಷ್ಟು ಅಳುತ್ತಾಳೆ ಎಂದು ಎಲ್ಲರೂ ಕನಿಕರಪಟ್ಟರು. ಅದು ಬರೀ ಅಳುವಲ್ಲ ಎಂದು ಮಿನೋಬೆಗೆ ಮಾತ್ರ ಗೊತ್ತಿತ್ತು. ತನಗೂ ಹಾಗೇ ಆಗಿಬಿಟ್ಟೀತೆಂದು ಅವನು ತಲೆ ತಗ್ಗಿಸಿ ತನ್ನ ಉಗುರುಗಳನ್ನು ನೋಡಿಕೊಂಡ. ಸಂದುಗಳಲ್ಲಿ ಇನ್ನೂ ತುಕ್ಕಿನ ಕೆಂಪು ಉಳಿದಿತ್ತು.

ಆ ಪೊಟ್ಟಣದ ಕಥೆಯನ್ನು ಕಾರಿನಿಂದಲೇ ಶುರು ಮಾಡಬೇಕು.

ಅದೊಂದು ಹಳೆಯ ಫೇರ್‌ಲೇಡಿ ಝಡ್. ಉದ್ದ ಮೂತಿ, ಮೋಟು ಬೆನ್ನು, ಒಳಗೆ ಇಬ್ಬರಿಗೆ ಜಾಗ, ಆ ಇಬ್ಬರಿಗೂ ಮಂಡಿ ಗಟ್ಟಿಯಿರಬೇಕು. ಕುರಾಹಾಶಿ ಹಲ್ಲಿನ ಡಾಕ್ಟರಾದ ಹೊಸತರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಮದುವೆಗೆ ಮೊದಲೂ ಆಮೇಲೂ ಹೆಂಡತಿಯನ್ನು ಕೂರಿಸಿಕೊಂಡು ರೊಕ್ಕೋ ಬೆಟ್ಟ ಹತ್ತಿ, ಆಚೆ ಬದಿಗಿಳಿದು, ಅರಿಮಾದ ಕೆಂಪು ನೀರಿನಲ್ಲಿ ಮಿಂದು ಬರುತ್ತಿದ್ದ. ಹೆಂಡತಿ ಹೋದ ಮೇಲೆ ಕಾರನ್ನು ಮುಟ್ಟಲಿಲ್ಲ. ಕ್ಲಿನಿಕ್ಕನ್ನೂ ಮನೆಯನ್ನೂ ಮಾರಿ ಮಗಳ ಅಪಾರ್ಟ್‌ಮೆಂಟಿಗೆ ಹೋದಾಗ ಅಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಮಿನೋಬೆಯ ಮನೆಯಲ್ಲಿ ಗ್ಯಾರೇಜಿತ್ತು, ಕಾರಿರಲಿಲ್ಲ. ಒಂದು ತಿಂಗಳ ಮಟ್ಟಿಗೆ ಎಂದು ಬಂದ ಕಾರು ಹೊದಿಕೆ ಹೊದ್ದು ವರ್ಷಗಟ್ಟಲೆ ಮಲಗಿಬಿಟ್ಟಿತು.

"ಈ ಮನೇಲಿ ನನಗೊಬ್ಬಳು ಸವತಿ ಇದಾಳೆ" ಎಂದು ಚಿಜುರು ಬಂದವರಿಗೆಲ್ಲ ಹೇಳುತ್ತಿದ್ದಳು. "ಉದ್ದ ಮೂಗಿನೋಳು. ಕೆಲ್ಸ ಮಾಡಲ್ಲ, ಬೊಗಸೆ ಮಣ್ಣು ಉದುರಿಸ್ತಾಳೆ, ಎಬ್ಬಿಸಿದ್ರೆ ಕೆಮ್ತಾಳೆ."

ಹೋದ ವರ್ಷ ಎಲೆ ಉದುರುವ ಕಾಲಕ್ಕೆ ಕುರಾಹಾಶಿಯ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ಆಸ್ಪತ್ರೆಯಿಂದ ನೆಟ್ಟಗೆ ಮಿನೋಬೆಯ ಗ್ಯಾರೇಜಿಗೆ ಬಂದು ಹೊದಿಕೆ ಎಳೆದು ಹಾಕಿದ.

"ಮಿನೋಬೆ, ಇವಳನ್ನ ಎಬ್ಬಿಸ್ಬೇಕು. ಒಂದೇ ಸಲ. ಸ್ಟೀರಿಂಗ್ ನನ್ನ ಕೈಲಿ. ಅರಿಮಾ ಕಡೆಗೆ."

"ಡಾಕ್ಟ್ರು ಬಿಡ್ತಾರಾ?"

"ನಾನೂ ಡಾಕ್ಟ್ರೇ."

"ಹಲ್ಲಿಂದು."

"ಹಲ್ಲಿನ ಡಾಕ್ಟ್ರು ಬಿಟ್ಟಾಯ್ತು. ಪಾನಾ ಕೊಡು."

ಅಂದಿನಿಂದ ಗ್ಯಾರೇಜು ದಂತ ಚಿಕಿತ್ಸಾಲಯವಾಯಿತು. ಕಾರ್ಬ್ಯುರೇಟರಿನ ಸೂಜಿಮೊನೆಯ ತೂತುಗಳನ್ನು ಕುರಾಹಾಶಿ ಹಲ್ಲಿನ ಬೇರು ತೊಳೆಯುವ ಸೂಜಿಯಿಂದ ಬಿಡಿಸಿದ. ಬ್ರೇಕಿನ ಸಂದುಗಳನ್ನು ಕೊಕ್ಕೆಯಿಂದ ಕೆರೆದ. ಬಾನೆಟ್ ಎತ್ತುವ ಮುಂಚೆ ಅಭ್ಯಾಸಬಲದಿಂದ, "ಸ್ವಲ್ಪ ಬಾಯಿ ತೆರೀರಿ, ನೋವಾದ್ರೆ ಕೈ ಎತ್ತಿ" ಎನ್ನುತ್ತಿದ್ದ. ಡಿಸೆಂಬರಿನ ಹೊತ್ತಿಗೆ ಉಳಿದದ್ದು ಪೆಟ್ರೋಲ್ ಟ್ಯಾಂಕು. ಇಬ್ಬರೂ ಸೇರಿ ಅದನ್ನು ಕೆಳಗಿಳಿಸಿದರು. ಕುರಾಹಾಶಿ ಬಾಯಿಗೆ ಹಾಕುವ ಪುಟ್ಟ ಕನ್ನಡಿಯನ್ನು ಅದರೊಳಗೆ ಇಳಿಬಿಟ್ಟು ಟಾರ್ಚ್ ಹಿಡಿದು ನೋಡಿದ.

"ಪೂರ್ತಿ ಹುಳುಕು" ಎಂದ.

ಒಳಗೆಲ್ಲ ತುಕ್ಕು. ವರ್ಷಗಟ್ಟಲೆ ಕೊಳೆತ ಪೆಟ್ರೋಲಿನ ಹುಳಿ ವಾಸನೆ ಬೇರೆ, ಹಳೆಯ ವಾರ್ನಿಷ್ ಡಬ್ಬಿಯನ್ನು ಉಪ್ಪಿನಕಾಯಿ ಜಾಡಿಯಲ್ಲಿ ಮುಚ್ಚಿಟ್ಟ ಹಾಗೆ. ಇಂಥ ಕೆಲಸ ಮಾಡುವ ವರ್ಕ್‌ಶಾಪಿಗೆ ಫೋನ್ ಮಾಡಿದರೆ, ಕೈತುಂಬ ಕೆಲಸವಿದೆ, ವಸಂತದಲ್ಲಿ ಬನ್ನಿ ಎಂದರು. ವಸಂತದವರೆಗೆ ಕಾಯುವಷ್ಟು ಪುರುಸೊತ್ತು ಕುರಾಹಾಶಿಯ ಹತ್ತಿರ ಇರಲಿಲ್ಲ.

ಆಗ ಮಿನೋಬೆ ಎದ್ದು ನಿಂತ. ನಿವೃತ್ತನಾಗುವವರೆಗೂ ನಗರ ಗ್ರಂಥಾಲಯ ಕಾದವನು. ಜಗತ್ತಿನ ಸಕಲ ವಿದ್ಯೆಯೂ ಎಲ್ಲೋ ಒಂದು ಕಪಾಟಿನಲ್ಲಿ ಇದ್ದೇ ಇದೆ, ಸರಿಯಾದ ಪುಟ ತೆರೆದರೆ ಸಾಕು ಎಂದು ನಂಬಿದವನು.

"ಟ್ಯಾಂಕು ನನಗೆ ಬಿಡು" ಎಂದ, ದಂಡಯಾತ್ರೆಗೆ ಹೊರಟ ಸೇನಾಪತಿಯ ಗತ್ತಿನಲ್ಲಿ. "ಒಂದು ವಾರ. ಒಳಗೆ ಮುಖ ನೋಡ್ಕೊಂಡು ಗಡ್ಡ ಹೆರೀಬೇಕು, ಹಾಗೆ ಹೊಳೆಸ್ತೀನಿ."

"ನೀನಾ?" ಎಂದ ಕುರಾಹಾಶಿ. "ಕಾಲೇಜಲ್ಲಿ ಸೈಕಲ್ ಪಂಕ್ಚರ್ ಹಾಕೋಕೆ ಹೋಗಿ ಚಕ್ರಾನೇ ಕಳ್ಕೊಂಡಿದ್ದೆ."

"ಅದು ಓದ್ದೆ ಮಾಡಿದ್ದು."

ಮಿನೋಬೆ ಓದಿದ. ಉಪಾಯ ಸರಳವಾಗಿತ್ತು. ಕೆಟಲಿನ ಕರೆ ತೆಗೆಯಲು ಹಾಕುವ ಸಿಟ್ರಿಕ್ ಆಮ್ಲವನ್ನು ಬಿಸಿನೀರಿಗೆ ಬೆರೆಸಿ ಟ್ಯಾಂಕಿಗೆ ತುಂಬಿಡಬೇಕು, ತುಕ್ಕು ತಾನೇ ಬಿಡುತ್ತದೆ. ಆದರೆ ಒಂದು ಹಗಲು ಒಂದು ರಾತ್ರಿ ಆ ಬಿಸಿ ಇಳಿಯಬಾರದು. ಡಿಸೆಂಬರಿನಲ್ಲಿ, ರೊಕ್ಕೋ ಬೆಟ್ಟದ ಗಾಳಿ ಗ್ಯಾರೇಜಿನೊಳಗೇ ಸೀಟಿ ಹೊಡೆಯುವಾಗ, ಇಳಿಯದ ಬಿಸಿಯನ್ನು ಎಲ್ಲಿಂದ ತರುವುದು? ಮಿನೋಬೆ ಸ್ನಾನದ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಇದನ್ನೇ ಯೋಚಿಸುತ್ತಿದ್ದ. ಗೋಡೆಯ ಮೇಲಿನ ಯಂತ್ರ ಮಧುರ ಕಂಠದಲ್ಲಿ, "ನೀರನ್ನು ಮತ್ತೆ ಕಾಯಿಸಲಾಗುತ್ತಿದೆ" ಎಂದಿತು.

ನೀರು ತಣ್ಣಗಾದಂತೆಲ್ಲ ಹೀಟರು ಅದನ್ನೇ ಒಳಗೆಳೆದುಕೊಂಡು, ಕಾಯಿಸಿ, ತೊಟ್ಟಿಗೆ ವಾಪಸು ಬಿಡುತ್ತದೆ. ಟ್ಯಾಂಕಿಗೆ ಆಮ್ಲ ತುಂಬಿ, ಬಾಯಿಗೆ ಬಿರಡೆ ಜಡಿದು, ಅಕ್ಕಿ ಮದ್ಯ ಸಾಕೆಯ ಹೂಜಿಯನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿದ ಹಾಗೆ ತೊಟ್ಟಿಯಲ್ಲಿ ಕೂರಿಸಿದರಾಯಿತು. ಅವನು ಎದ್ದ ರಭಸಕ್ಕೆ ಅರ್ಧ ತೊಟ್ಟಿ ನೀರು ಚೆಲ್ಲಿತು.

ಅಡ್ಡಿಯಿದ್ದದ್ದು ಒಂದೇ, ಚಿಜುರು. ದೈವಸಹಾಯವೆಂಬಂತೆ ಅವಳು ಅಕ್ಕನನ್ನು ನೋಡಲು ಹಿಮೆಜಿಗೆ ಹೊರಟಳು, ಒಂದು ರಾತ್ರಿಯ ಮಟ್ಟಿಗೆ.

"ಮೂಲಂಗಿ, ಮೊಟ್ಟೆ ಬೇಯಿಸಿಟ್ಟಿದೀನಿ, ಬಿಸಿ ಮಾಡ್ಕೊಳ್ಳಿ. ಸ್ನಾನದ ನೀರಿನ ಬಟನ್ ಯಾವ್ದು ಗೊತ್ತಲ್ಲ?"

"ಆ ಬಟನ್ ಚೆನ್ನಾಗಿ ಗೊತ್ತು" ಎಂದ ಮಿನೋಬೆ. ಗಂಡನ ಕಣ್ಣಿನ ಹೊಳಪು ಕಂಡು ಚಿಜುರುಗೆ ಅನುಮಾನ ಬಂತು. ಆದರೆ ರೈಲಿಗೆ ಹೊತ್ತಾಗಿತ್ತು.

ಪುಸ್ತಕದಲ್ಲಿ ರಬ್ಬರ್ ಬಿರಡೆ ಎಂದಿತ್ತು. ಮನೆಯಲ್ಲಿ ಇದ್ದದ್ದು ವೈನ್ ಬಾಟಲಿಯ ಕಾರ್ಕ್. ಮಿನೋಬೆ ಅದಕ್ಕೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ ಜಡಿದ. ಮಾರನೆಯ ದಿನ ಮಧ್ಯಾಹ್ನ ತೊಟ್ಟಿಯ ಮುಚ್ಚಳ ಸರಿಸಿದರೆ, ಕಾರ್ಕ್ ನೀರಿನ ಮೇಲೆ ಸುಖವಾಗಿ ತೇಲುತ್ತಿತ್ತು. ನೀರು ಕೆಮ್ಮಣ್ಣು ಕಲಸಿದಂತೆ ಗಟ್ಟಿ ಕೆಂಪಾಗಿತ್ತು. "ನೀರನ್ನು ಮತ್ತೆ ಕಾಯಿಸಲಾಗುತ್ತಿದೆ" ಎಂದಿತು ಯಂತ್ರ.

ಅವನು ಗಾಬರಿಯಿಂದ ತೋಳು ಮಡಿಚಿ ನೀರಿಗೆ ಕೈ ಹಾಕಿದ. ಆದರೆ ಟ್ಯಾಂಕನ್ನು ಎತ್ತಿ, ಗ್ಯಾರೇಜಿಗೆ ಹೊತ್ತು, ಕನ್ನಡಿ ಇಳಿಸಿ ನೋಡಿದಾಗ ಉಳಿದದ್ದೆಲ್ಲ ಮರೆತುಹೋಯಿತು. ಒಳಗೆ ಬೆಳ್ಳಿ. ಈಗ ತಡಮಾಡದೆ ಅಡುಗೆ ಸೋಡಾದ ನೀರಿನಲ್ಲಿ ಜಾಲಾಡಬೇಕು, ಇಲ್ಲದಿದ್ದರೆ ಮತ್ತೆ ತುಕ್ಕು ಹಿಡಿಯುತ್ತದೆ. ತೊಟ್ಟಿಯ ಮೇಲೆ ಮುಚ್ಚಳ ಎಳೆದುಬಿಟ್ಟು, ಬಾಗಿಲಿಗೆ ಬೀಗವನ್ನೂ ಹಾಕದೆ, ಇಳಿಜಾರಿನ ಕೆಳಗಿನ ಅಂಗಡಿಗೆ ಓಡಿದ.

ಸೋಡಾ ಹಿಡಿದು ಏದುಸಿರು ಬಿಡುತ್ತಾ ಬಂದರೆ, ಹೊಸ್ತಿಲಲ್ಲಿ ಕುರಾಹಾಶಿಯ ಬೂಟುಗಳು. ಸ್ನಾನದ ಮನೆಯಿಂದ ಹಾಡು.

"ಯಾರು?" ಎಂದ ಮಿನೋಬೆ, ಮಂಜುಗಾಜಿನ ಬಾಗಿಲಿನ ಹೊರಗೆ ನಿಂತು.

"ಕಳ್ಳ. ನಿಮ್ಮನೆ ಬಿಸಿನೀರು ಕದೀತಿದೀನಿ."

"ನೀನು... ತೊಟ್ಟಿ ಒಳಗಿದೀಯಾ?"

"ಇನ್ನೆಲ್ಲಿರ್ಲಿ, ಸೂರಿನ ಮೇಲಾ? ಬಾಗ್ಲು ತೆರೀಬೇಡ, ಗಾಳಿ ನುಗ್ಗತ್ತೆ. ಗುಡ್ಡ ಹತ್ತಿ ಬರೋಷ್ಟ್ರಲ್ಲಿ ಮೂಳೆ ಎಲ್ಲಾ ಕಟಕಟ ಅಂತಿತ್ತು. ಮನೇಲಿ ಯಾರೂ ಇಲ್ಲ, ಮುಚ್ಚಳ ಹಾಕಿದ ತೊಟ್ಟಿ ಇದೆ, ಅತಿಥಿಗೆ ಮೊದಲ ಸ್ನಾನ ಅಂತ ನಾನೇ ನನಗೆ ಹೇಳ್ಕೊಂಡು ಇಳಿದ್ಬಿಟ್ಟೆ. ಲೋ, ಮಿನೋಬೆ."

"ಏನು?"

"ಅರಿಮಾ ಪುಡಿ ಹಾಕಿದೀಯಲ್ಲ."

ಅರಿಮಾದ ನೀರು ಹಾಗೇ ಇರುತ್ತದೆ. ಭೂಮಿಯೊಳಗಿನ ಕಬ್ಬಿಣ ಕರಗಿ, ಅಂಗೈ ಮುಳುಗಿಸಿದರೆ ಬೆರಳು ಕಾಣದಷ್ಟು ಕೆಂಪು. ಅದು ಅರಿಮಾ ಅಲ್ಲ ಮಾರಾಯ, ನಿನ್ನ ಕಾರಿನ ಹೊಟ್ಟೆ ತೊಳೆದ ನೀರು ಎಂಬ ಮಾತು ಮಿನೋಬೆಯ ನಾಲಗೆಯ ತುದಿಗೆ ಬಂದು ನಿಂತಿತು. ಅಷ್ಟರಲ್ಲಿ ಒಳಗಿನಿಂದ ದನಿ ಬಂತು, ಮೊದಲಿಗಿಂತ ತಗ್ಗಿನಲ್ಲಿ.

"ಆಸ್ಪತ್ರೆಯಿಂದ ಬಂದಮೇಲೆ ಮೈ ಬೆಚ್ಚಗಾಗಿದ್ದು ಇವತ್ತೇ ಕಣೋ."

ನಾಲಗೆಯ ತುದಿಗೆ ಬಂದಿದ್ದ ನಿಜ ಹಿಂದಕ್ಕೆ ಹೋಗಿ ಕೂತಿತು.

"ಹೂಂ, ಅರಿಮಾ ಪುಡಿ" ಎಂದ ಮಿನೋಬೆ. "ನಿನಗೋಸ್ಕರಾನೇ ತರಿಸಿದ್ದು." ಆ ಎರಡನೆಯ ಮಾತು ಬೇಕಿರಲಿಲ್ಲ. ಸುಳ್ಳು ಹೇಳುವ ಅಭ್ಯಾಸವಿಲ್ಲದವನು ಗೋಡೆಗೆ ಯಾವಾಗಲೂ ಒಂದು ಇಟ್ಟಿಗೆ ಜಾಸ್ತಿ ಇಡುತ್ತಾನೆ.

"ಸ್ವಲ್ಪ ವಾಸನೆ ಇದೆ."

"ಖನಿಜ."

"ಹೌದೌದು" ಎಂದ ಕುರಾಹಾಶಿ ಗಂಭೀರವಾಗಿ. "ಖನಿಜ ವಾಸನೆ ಹೊಡೆಯುತ್ತೆ."

"ಸಾಕು ಎದ್ದೇಳು. ಒಳ್ಳೆ ನೀರಲ್ಲಿ ಮೈ ತೊಳ್ಕೊ."

"ಅರಿಮಾ ನೀರನ್ನ ಯಾರಾದ್ರೂ ತೊಳ್ಕೋತಾರಾ? ಮೈ ಮೇಲೇ ಒಣಗ್ಬೇಕು. ಆಗ್ಲೇ ಗುಣ ಹಿಡಿಯೋದು."

ನಿಂಬೆಯ ಹುಳಿ, ಕಬ್ಬಿಣದ ತುಕ್ಕು. ಔಷಧಿ ಅಂಗಡಿಯಲ್ಲಿ ಇದನ್ನೇ ಮಾತ್ರೆ ಕಟ್ಟಿ ಮಾರುತ್ತಾರಲ್ಲವೇ ಎಂದು ಮಿನೋಬೆ ತನ್ನನ್ನು ತಾನು ಸಮಾಧಾನ ಮಾಡಿಕೊಂಡ. ಪೆಟ್ರೋಲಿನ ವಿಷಯವನ್ನು ಯೋಚಿಸದಿರಲು ತೀರ್ಮಾನಿಸಿದ.

ಚಿಜುರು ಹಿಮೆಜಿಯಿಂದ ಹೇಳಿದ್ದಕ್ಕಿಂತ ಬೇಗ ಬಂದಳು. ಬಂದವಳಿಗೆ ಕಂಡದ್ದು, ರಜಾಯಿ ಹೊದಿಸಿದ ಬಿಸಿಮೇಜಿನ ಕೆಳಗೆ ಕಾಲು ಚಾಚಿ, ತನ್ನ ಗಂಡನ ಹತ್ತಿ ಕೋಟು ತೊಟ್ಟು, ಕಿತ್ತಳೆ ಸುಲಿಯುತ್ತಾ ಕೂತ ಕುರಾಹಾಶಿ. ಕಿತ್ತಳೆಗೂ ಅವನಿಗೂ ಬಣ್ಣದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ.

"ಚಿಜುರು ಅವ್ರೇ, ಎಂಥಾ ಗಂಡ ನಿಮ್ಮೋರು. ನನಗೆ ಹೋಗೋಕಾಗಲ್ಲ ಅಂತ ಅರಿಮಾನೇ ಮನೆಗೆ ತಂದಿದಾರೆ."

ಚಿಜುರು ಗಂಡನನ್ನು ನೋಡಿದಳು. ಗಂಡ ಚಾವಣಿಯನ್ನು ನೋಡಿದ.

"ಯಾವ ಪುಡಿ ರೀ?"

"ಅದೇ... ಪುಡಿ."

"ಪೊಟ್ಟಣ ಎಲ್ಲಿ?"

"ಪೂರ್ತಿ ಹಾಕ್ಬಿಟ್ಟೆ."

"ಪೊಟ್ಟಣಾನೂ?"

ಕುರಾಹಾಶಿ ಅಂದು ಎರಡು ಬಟ್ಟಲು ಅನ್ನ ಉಂಡು ಹೋದ. ಮಿನೋಬೆ ತೊಟ್ಟಿಯನ್ನು ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದ. ಕಾರ್ಕನ್ನು ಹುಡುಕಿದ, ಎಲ್ಲೂ ಸಿಗಲಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡ.

ಮರುದಿನ ಹೀಟರು ಕೆಮ್ಮಿತು. ಒಮ್ಮೆ ಕೆಂಪಗೆ ಉಗುಳಿತು. "ನೀರನ್ನು ಮತ್ತೆ" ಎಂದು ಶುರು ಮಾಡಿದ ಯಂತ್ರ ವಾಕ್ಯ ಮುಗಿಸದೆ ಕಣ್ಣು ಮುಚ್ಚಿತು. ರಿಪೇರಿಯವನು ಬಂದು, ಕೊಳವೆ ಬಿಚ್ಚಿ, ಜಾಲರಿಯಿಂದ ಒಂದು ಹಿಡಿ ತುಕ್ಕಿನ ಹಕ್ಕಳೆ ತೆಗೆದು ಚಿಜುರುಗೆ ತೋರಿಸಿದ. ಹೊಸ ಭಾಗ ಬರಲು ವಾರಗಳೇ ಬೇಕು, ಅಲ್ಲಿಯವರೆಗೆ ಬೀದಿಯ ಕೊನೆಯ ಸಾರ್ವಜನಿಕ ಸ್ನಾನಗೃಹವೇ ಗತಿ ಎಂದು ಹೇಳಿ, ನಡು ಬಗ್ಗಿಸಿ ವಂದಿಸಿ ಹೋದ. ಚಿಜುರು ನೆಟ್ಟಗೆ ಗ್ಯಾರೇಜಿಗೆ ನಡೆದಳು. ಟ್ಯಾಂಕಿನ ಬಾಯಿಗೆ ಮೂಗಿಟ್ಟಳು. ವಾಪಸು ಬಂದು ಗಂಡನ ಎದುರು ಕೂತಳು.

"ಆಯುಷ್ಯವೆಲ್ಲ ಪುಸ್ತಕ ಕಾದ್ರಿ. ಸ್ನಾನದ ತೊಟ್ಟೀಲಿ ಪೆಟ್ರೋಲ್ ಟ್ಯಾಂಕ್ ಇಡ್ಬಾರ್ದು ಅಂತ ಒಂದ್ರಲ್ಲೂ ಬರೆದಿರ್ಲಿಲ್ವಾ?"

"ಇಡ್ಬಾರ್ದು ಅಂತ ಎಲ್ಲೂ ಬರೆದಿರ್ಲಿಲ್ಲ" ಎಂದ ಮಿನೋಬೆ, ಪ್ರಾಮಾಣಿಕವಾಗಿ.

"ಪಾಪ, ಆ ಮನುಷ್ಯನ್ನ ಅದ್ರಲ್ಲಿ ನೆನೆ ಹಾಕಿದ್ರಲ್ಲ, ಅವರೇನು ಗೇರ್ ಬಾಕ್ಸಾ?"

"ನಾಳೆ ಅವನಿಗೆ ನಿಜ ಹೇಳ್ಬಿಡ್ತೀನಿ."

"ಬಾಯಿ ಮುಚ್ಕೊಂಡಿರಿ" ಎಂದಳು ಚಿಜುರು. "ಬೆಳಿಗ್ಗೆ ಮಿಫುಯು ಫೋನ್ ಮಾಡಿದ್ಲು. ಅಪ್ಪ ಎಷ್ಟೋ ದಿನದ ಮೇಲೆ ಬೆಳಗಾಗೋ ತನಕ ನಿದ್ದೆ ಮಾಡಿದ್ರು, ನಿಮ್ಮನೇಲಿ ಏನು ಕೊಟ್ರಿ ಅಂತ ಕೇಳಿದ್ಲು. ನಾನೇನು ಹೇಳ್ಲಿ? ಪುಡಿ ಅಂದೆ."

ಹೀಗೆ ಸುಳ್ಳಿಗೆ ಇಬ್ಬರು ಯಜಮಾನರಾದರು. ಕುರಾಹಾಶಿ ಅದನ್ನು ಸುಮ್ಮನೆ ಮಲಗಲು ಬಿಡಲಿಲ್ಲ. ಟ್ಯಾಂಕನ್ನು ಕಾರಿಗೆ ಏರಿಸುತ್ತಾ ಕೇಳಿದ:

"ಆ ಪುಡಿ ಯಾವ ಅಂಗಡೀದು? ಮಿಫುಯು ಊರೆಲ್ಲಾ ಹುಡುಕ್ತಿದಾಳೆ."

ಮಿನೋಬೆ ಬಸ್ಸು ಹಿಡಿದು, ಕೇಬಲ್ ಕಾರು ಹತ್ತಿ, ಹಿಮದಲ್ಲಿ ಅರಿಮಾಗೆ ಹೋಗಿ ಪುಡಿ ತಂದ. ಕುರಾಹಾಶಿ ಮಗಳ ಮನೆಯಲ್ಲಿ ಅದನ್ನು ಹಾಕಿ ಮಿಂದು ಬಂದು ವರದಿ ಒಪ್ಪಿಸಿದ.

"ಬಣ್ಣ ತಕ್ಕಮಟ್ಟಿಗಿದೆ. ಆದ್ರೆ ನಿಮ್ಮನೇದ್ರಷ್ಟು ಗಟ್ಟಿ ಇಲ್ಲ. ಆ ಖನಿಜದ ವಾಸನೇನೂ ಇಲ್ಲ."

ಮಿನೋಬೆ ಮತ್ತೆ ಹೋದ, ಬೇರೆ ಅಂಗಡಿಯದು ತಂದ. ಅದೂ ಆಗಲಿಲ್ಲ. ಮೂರನೆಯ ಸಲ ಹೋದಾಗ ಅಂಗಡಿಯ ಮುದುಕಿ ಅವನನ್ನು ಕಂಡು, "ಅಷ್ಟೊಂದು ಮೈಕೈ ನೋವಾ ಪಾಪ" ಎಂದಳು. ಆ ಸಲ ತಂದ ಪೊಟ್ಟಣ ಅವನ ಕೋಟಿನ ಜೇಬಿನಲ್ಲೇ ಉಳಿದುಬಿಟ್ಟಿತು, ಯಾಕೆಂದರೆ ಅದನ್ನು ಕೊಡುವ ಮೊದಲೇ ಕುರಾಹಾಶಿ ಮತ್ತೆ ಆಸ್ಪತ್ರೆ ಸೇರಿದ.

ಅಷ್ಟರಲ್ಲಿ ಎಂಜಿನ್ ಎದ್ದಿತ್ತು. ಆಸ್ಪತ್ರೆ ಸೇರುವ ಹಿಂದಿನ ದಿನ ಕುರಾಹಾಶಿ ಚೋಕ್ ಎಳೆದು ಕೀಲಿ ತಿರುಗಿಸಿದಾಗ ಅದು ಕೆಮ್ಮಿತು, ಸೀನಿತು, ಆಮೇಲೆ ಆರು ಸಿಲಿಂಡರುಗಳೂ ಒಂದೇ ಉಸಿರಿಗೆ ಗುನುಗಿದವು. ಚಿಜುರು ಅಡುಗೆಮನೆಯಿಂದ ಓಡಿ ಬಂದು, ಸವತಿಯ ದನಿ ಕೇಳಿ, ಕೈಯಲ್ಲಿದ್ದ ಸೌಟಿನಿಂದಲೇ ಕಣ್ಣೊರೆಸಿಕೊಳ್ಳಲು ಹೋದಳು. ಉಳಿದದ್ದು ಸರ್ಕಾರದ ತಪಾಸಣೆ. ತಾತ್ಕಾಲಿಕ ನಂಬರ್ ಪ್ಲೇಟ್ ಕಟ್ಟಿಕೊಂಡು ಮಿನೋಬೆ ತಾನೇ ಕಾರು ತೆಗೆದುಕೊಂಡು ಹೋದ. ಅವನ ಲೈಸೆನ್ಸಿನ ಮೇಲೆ, ತಪ್ಪೇ ಮಾಡದ ಚಾಲಕರಿಗೆ ಕೊಡುವ ಚಿನ್ನದ ಪಟ್ಟಿಯಿತ್ತು. ಓಡಿಸಿದರೆ ತಾನೆ ತಪ್ಪಾಗುವುದು? ಮೊದಲ ದಿನ ದೀಪದ ಕೋನ ಸರಿಯಿಲ್ಲವೆಂದು ವಾಪಸು ಕಳಿಸಿದರು. ಮಾರನೆಯ ದಿನ ಮತ್ತೆ ಹೋದ. ಗಾಜಿಗೆ ಅಂಟಿಸುವ ಚೀಟಿ ಹಿಡಿದುಕೊಂಡೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ.

"ಭಾನುವಾರ" ಎಂದ ಕುರಾಹಾಶಿ, ದಿಂಬಿನಿಂದ ತಲೆಯೆತ್ತದೆ.

ಆಸ್ಪತ್ರೆಯವರು ಅರ್ಧ ದಿನ ಬಿಟ್ಟರು. ಬೆಟ್ಟ ಹತ್ತುವ ಹಾಗಿಲ್ಲ, ಪೆಟ್ರೋಲ್ ಬಂಕಿನವರೆಗೆ ಮಾತ್ರ ಎಂದು ಮಿಫುಯು ಭಾಷೆ ತೆಗೆದುಕೊಂಡಳು. ಕುರಾಹಾಶಿ ಸ್ಟೀರಿಂಗ್ ಹಿಡಿದ. ಕೈ ಬಳಲಿತ್ತು, ಆದರೆ ಗೇರು ಒಂದೂ ತಪ್ಪಲಿಲ್ಲ. ಇಳಿಜಾರು ಇಳಿದು, ಸಮುದ್ರ ಕಾಣುವ ತಿರುವು ದಾಟಿ, ಬಂಕಿಗೆ ಬಂದು ನಿಂತ. ಎದುರಿಗೆ ರಸ್ತೆ ಕವಲಾಗುತ್ತಿತ್ತು. ಎಡಕ್ಕೆ ಆಸ್ಪತ್ರೆ, ಬಲಕ್ಕೆ ಬೆಟ್ಟ.

"ಬಲಕ್ಕೆ ತಿರುಗಿಸಿದ್ರೆ ಅರಿಮಾ" ಎಂದ ಮಿನೋಬೆ. "ಮಿಫುಯುಗೆ ನಾನು ಹೇಳ್ಕೋತೀನಿ. ಬೇಕಾದ್ರೆ ನಾನೇ ಓಡಿಸ್ತೀನಿ."

ಕುರಾಹಾಶಿ ಬೆಟ್ಟವನ್ನು ಒಂದಿಷ್ಟು ಹೊತ್ತು ನೋಡಿದ.

"ಬೇಡ. ಅರಿಮಾಗೆ ಡಿಸೆಂಬರ್‌ನಲ್ಲೇ ಹೋಗ್ಬಂದಾಯ್ತಲ್ಲ."

ಮಿನೋಬೆಗೆ ಇನ್ನು ತಡೆಯಲಾಗಲಿಲ್ಲ.

"ಕುರಾಹಾಶಿ, ಆವತ್ತಿನ ನೀರು..."

ಕುರಾಹಾಶಿ ಅಷ್ಟರಲ್ಲಿ ಬಾಗಿಲು ತೆರೆದು, ಕಾರಿಗೇ ಕೈ ಊರಿಕೊಂಡು ಹಿಂದಕ್ಕೆ ನಡೆದಿದ್ದ. ಬಂಕಿನವನು ಕೈ ಚಾಚಿದರೆ ತಡೆದು, ಪೆಟ್ರೋಲ್ ಮುಚ್ಚಳವನ್ನು ತಾನೇ ಬಿಚ್ಚಿದ. ಬಗ್ಗಿ ಆ ಬಾಯಿಗೆ ಮೂಗು ಹಿಡಿದು ನಿಧಾನವಾಗಿ ಉಸಿರೆಳೆದುಕೊಂಡ.

"ಆಹಾ" ಎಂದ. "ಖನಿಜ."

ಅವನ ಬೆನ್ನಿಗೇ ಕಾರಿಳಿದು ಬಂದಿದ್ದ ಮಿನೋಬೆ ಅವನ ಮುಖ ನೋಡಿದ.

"ನಿನಗೆ ಗೊತ್ತಿತ್ತಾ?"

"ನಲವತ್ತು ವರ್ಷದ ಪೇಶೆಂಟು ಕಣೋ ಇವಳು. ಬಾಯಿ ವಾಸನೆ ಗುರುತು ಸಿಗಲ್ವಾ ನನಗೆ?"

"ಮತ್ತೆ ಹಿಮದಲ್ಲಿ ಮೂರು ಸಲ ನನ್ನನ್ನ ಓಡಾಡಿಸಿದ್ದು?"

"ಮೂರನೇ ಸಲ ತಂದಿದ್ದು ನನಗಿನ್ನೂ ಕೊಟ್ಟಿಲ್ಲ ನೀನು."

"ಲೋ, ಇಳಿದ ಕೂಡಲೇ ಗೊತ್ತಾಗಿದ್ರೆ ಎದ್ದು ಬರೋಕೇನಾಗಿತ್ತು?"

"ನೀರು ಬೆಚ್ಚಗಿತ್ತು" ಎಂದ ಕುರಾಹಾಶಿ.

ಬಂಕಿನವನು ಟ್ಯಾಂಕು ತುಂಬಿಸಿದ. ಕುರಾಹಾಶಿ ಕೋಟಿನ ಜೇಬಿನಿಂದ ಏನೋ ತೆಗೆದು ಮಿನೋಬೆಯ ಅಂಗೈಯಲ್ಲಿಟ್ಟ. ಪ್ಲಾಸ್ಟಿಕ್ ಹಾಳೆ ಸುತ್ತಿದ ಕಾರ್ಕ್. ಆಮೇಲೆ ಮುಚ್ಚಳವನ್ನು ಟ್ಯಾಂಕಿನ ಬಾಯಿಗೆ ಕೂರಿಸಿ, ಎರಡೂ ಕೈ ಹಾಕಿ ತಿರುಗಿಸಿದ. ಅದು ನಿಂತ ಮೇಲೂ, ಸಾಲದೆಂಬಂತೆ, ಇನ್ನೊಂದು ಸಲ ಬಿಗಿ ಮಾಡಿದ.